ರವಿವಾರದ ಅಯ್ಯನವರು



ನಾನು ಹುಬ್ಬಳ್ಳಿಯ ಒಂದು ಬ್ಯಾಂಕಿನಲ್ಲಿ ಬೆಳೆಸಾಲದ ಮೇಜು ನೋಡಿಕೊಳ್ಳುವವನು. ಕೆಲಸದ ದಿನಗಳಲ್ಲಿ ನನ್ನ ಮುಂದೆ ಉತಾರ, ಅರ್ಜಿ, ಸಾಲದ ಪತ್ರ ಬಿಟ್ಟರೆ ಬೇರೇನೂ ಇರುವುದಿಲ್ಲ. ಭಾನುವಾರ ಮಾತ್ರ ನಸುಕಿನಲ್ಲಿ ಎದ್ದು ಗದಗಿನ ಬಸ್ಸು ಹಿಡಿಯುತ್ತೇನೆ. ಅಲ್ಲಿಳಿದು ಇನ್ನೊಂದು ಬಸ್ಸು ಹತ್ತಿ ಒಂದು ಹಳ್ಳಿಗೆ ಹೋಗುತ್ತೇನೆ. ಆ ಹಳ್ಳಿಯಲ್ಲಿ 23 ಮನೆಗಳ ಒಂದು ಕ್ರೈಸ್ತ ಸಭೆ ಇದೆ. ಹಂಚಿನ ಮಾಡಿನ ಸಣ್ಣ ದೇವಾಲಯ, ಅಂಗಳದಲ್ಲಿ ಒಂದು ಬೇವಿನ ಮರ, ಮರದ ಕೊಂಬೆಗೆ ತೂಗುಹಾಕಿದ ಗಂಟೆ. ಆ ಸಭೆಗೆ ನಾನು ಗೌರವ ಸಭಾಪಾಲಕ. ಬಿಷಪ್ಪರು ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಟ್ಟಿದ್ದಾರೆ, ಬ್ಯಾಂಕಿನವರು ಅನುಮತಿ ಕೊಟ್ಟಿದ್ದಾರೆ. ಈ ಸೇವೆಗೆ ಸಂಬಳ ಇಲ್ಲ.

ನಮ್ಮ ಸೀಮೆಯಲ್ಲಿ ಅಯ್ಯನವರು ಎಂದರೆ ಮಠದ ಜಂಗಮರು. ಚರ್ಚಿನವರೂ ಅದೇ ಮಾತನ್ನು ತಮ್ಮ ಸಭಾಪಾಲಕರಿಗೆ ಬಳಸಿಕೊಂಡು ಬಂದಿದ್ದಾರೆ. ಆ ಊರಿನ ಮಕ್ಕಳು ನನಗೆ ಇಟ್ಟ ಹೆಸರು ‘ರವಿವಾರದ ಅಯ್ಯನವರು’. ಸುತ್ತಲಿನ ಹಲವು ಸಭೆಗಳಿಗೆ ಪೂರ್ಣಾವಧಿಯ ಅಯ್ಯನವರು ಒಬ್ಬರಿದ್ದಾರೆ. ಅವರು ಎಷ್ಟು ಊರು ಸುತ್ತಿಯಾರು? ಹಾಗಾಗಿ ನಮ್ಮಂಥವರು ಬೇಕಾಗುತ್ತೇವೆ. ಇದು ಹೊಸ ಏರ್ಪಾಡೂ ಅಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ. ಹಳ್ಳಿಗಳನ್ನೆಲ್ಲ ಅವರೇ ಮುಟ್ಟಲು ಆಗಲಿಲ್ಲ. ಊರೂರಿನಲ್ಲಿ ಉಪದೇಶಿಗಳು ಸಭೆಗಳನ್ನು ಕಾದರು. ಅದಕ್ಕೂ ಬಹಳ ಹಿಂದೆ, ಅಪೊಸ್ತಲ ಪೌಲನೇ ಕೊರಿಂಥ ಪಟ್ಟಣದಲ್ಲಿ ಗುಡಾರ ಹೊಲಿದು ಹೊಟ್ಟೆ ಹೊರೆಯುತ್ತ ಸುವಾರ್ತೆ ಸಾರಿದ್ದ. ಅವನ ಹೆಸರು ಹೇಳಿಕೊಂಡು ನಮ್ಮ ಮನಸ್ಸಿಗೆ ನಾವು ಸಮಾಧಾನ ತಂದುಕೊಳ್ಳುತ್ತೇವೆ. ಆದರೆ ಲೆಂಟ್ ಕಾಲ ಬಂದಾಗ ಆ ಸಮಾಧಾನ ಸಾಲುವುದಿಲ್ಲ. ಯಾಕೆ ಎನ್ನುವುದನ್ನೇ ಇವತ್ತು ಹೇಳಬೇಕೆಂದಿದ್ದೇನೆ.

ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ, ಪಶ್ಚಾತ್ತಾಪದ ದಿನಗಳಿಗೆ ಲೆಂಟ್ ಎನ್ನುತ್ತೇವೆ. ಕನ್ನಡದ ಕಥೋಲಿಕರು ಇದನ್ನು ತಪಸ್ಸುಕಾಲ ಎಂದು ಕರೆಯುತ್ತಾರೆ. ನನಗೆ ಆ ಹೆಸರು ತುಂಬ ಇಷ್ಟ. ಯೇಸುಸ್ವಾಮಿ ಅಡವಿಯಲ್ಲಿ ನಲವತ್ತು ದಿನ ಉಪವಾಸವಿದ್ದುದರ ನೆನಪಿಗೆ ಇದೂ ನಲವತ್ತು ದಿನ. ಆದರೆ ಲೆಂಟ್ ಶುರುವಾಗುವ ಬೂದಿ ಬುಧವಾರದಿಂದ ಈಸ್ಟರಿನ ಹಿಂದಿನ ಶನಿವಾರದವರೆಗೆ ಕ್ಯಾಲೆಂಡರ್ ಹಿಡಿದು ಎಣಿಸಿ ನೋಡಿ, 46 ದಿನ ಬರುತ್ತದೆ. ನಡುವಿನ ಆರು ಭಾನುವಾರಗಳನ್ನು ಎಣಿಕೆಯಿಂದ ಬಿಡಬೇಕು. ಭಾನುವಾರ ಕರ್ತನು ಎದ್ದ ದಿನ, ಸಂತೋಷದ ದಿನ, ಅಂದು ಉಪವಾಸ ಸಲ್ಲದು. ಕೇರಳದ ಸಿರಿಯನ್ ಕ್ರೈಸ್ತರ ಲೆಕ್ಕ ಬೇರೆ, ಅವರದು ಐವತ್ತು ದಿನದ ನೋಂಬು. ನಮ್ಮದು ಹೀಗೆ, ಭಾನುವಾರ ಕಳೆದು ನಲವತ್ತು.

ಈ ಲೆಕ್ಕ ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿಸಿದ್ದರು. ಅದರ ಭಾರ ಗೊತ್ತಾದದ್ದು ಸಭೆಯ ಹೊಣೆ ಹೊತ್ತ ಮೇಲೆ. ಲೆಂಟಿನ ನಲವತ್ತು ದಿನಗಳಲ್ಲಿ ಭಾನುವಾರ ಒಂದೂ ಇಲ್ಲ. ನಾನು ಆ ಊರಿಗೆ ಸಿಗುವುದೋ ಭಾನುವಾರ ಮಾತ್ರ. ಎಂದರೆ, ವರ್ಷದಲ್ಲಿ ಸಭೆಗೆ ಅಯ್ಯನವರ ಜೊತೆ ಎಲ್ಲಕ್ಕಿಂತ ಹೆಚ್ಚು ಬೇಕಾದ ನಲವತ್ತು ದಿನಗಳಲ್ಲಿ ನಾನು ಅಲ್ಲಿ ಹೆಚ್ಚುಕಡಿಮೆ ಇರುವುದೇ ಇಲ್ಲ.

ನಿಮಗೆ 2024ನೆಯ ವರ್ಷದ ಲೆಂಟ್ ಕುರಿತು ಹೇಳುತ್ತೇನೆ. ಆ ವರ್ಷ ಬೂದಿ ಬುಧವಾರ ಫೆಬ್ರುವರಿ 14ಕ್ಕೆ ಬಿತ್ತು, ಈಸ್ಟರ್ ಮಾರ್ಚ್ 31ಕ್ಕೆ. ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಮಾರ್ಚ್ 31 ಎಂದರೆ ಏನೆಂದು ಬೇರೆ ಹೇಳಬೇಕಿಲ್ಲ. ಮೇಲಾಗಿ ಅದು ಬರದ ವರ್ಷ. ರಾಜ್ಯದ 223 ತಾಲೂಕುಗಳನ್ನು ಸರಕಾರ ಬರಪೀಡಿತ ಎಂದು ಘೋಷಿಸಿತ್ತು. ಹಿಂಗಾರಿ ಜೋಳ ಕೈಕೊಟ್ಟಿತ್ತು. ಸಾಲದ ನವೀಕರಣಕ್ಕೆ ಬಂದ ರೈತರ ಸಾಲು ನನ್ನ ಮೇಜಿನಿಂದ ಬಾಗಿಲವರೆಗೆ. ಅತ್ತ ಊರಿನಲ್ಲಿ ಸಭೆಯ ಎಂಟು ಮನೆಗಳ ದುಡಿಯುವವರು ಜನವರಿ ಕಳೆಯುವುದರೊಳಗೆ ಗುಳೆ ಹೋಗಿದ್ದರು, ಕೆಲವರು ಗೋವೆಯ ಕಡೆ, ಕೆಲವರು ಮಂಗಳೂರಿನ ಕಡೆ. ಮನೆಯಲ್ಲಿ ಉಳಿದವರು ಮುದುಕರು ಮತ್ತು ಹತ್ತನೇ ತರಗತಿಯ ಮಕ್ಕಳು. ಪರೀಕ್ಷೆ ಮಾರ್ಚ್ 25ಕ್ಕೆ ಶುರುವಾಗುವುದಿತ್ತು, ಯೇಸುವಿನ ಶ್ರಮೆಯ ವಾರದಲ್ಲೇ.

ಬೂದಿ ಬುಧವಾರದ ಸಂಜೆ ಅರ್ಧ ದಿನದ ರಜೆ ಹಾಕಿ ಹೋದೆ. ಬಾಸೆಲ್ ಮಿಶನ್ನಿನ ಸಂಪ್ರದಾಯದ ಸಭೆಗಳಲ್ಲಿ ಹಣೆಗೆ ಬೂದಿ ಹಚ್ಚುವ ಪದ್ಧತಿ ಎಲ್ಲ ಕಡೆ ಇಲ್ಲ. ನಮ್ಮಲ್ಲಿ ಈಚೆಗೆ ಬಂದಿದೆ. ಹೋದ ವರ್ಷ ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದಂದು ಕೈಯಲ್ಲಿ ಹಿಡಿದ ಗರಿಗಳನ್ನು ಮನೆಮನೆಯವರು ಬಾಗಿಲ ಮೇಲೆ ಸಿಕ್ಕಿಸಿ ಇಟ್ಟಿರುತ್ತಾರೆ. ಅವನ್ನೇ ತರಿಸಿ ಸುಡುತ್ತೇವೆ. ಆ ಸಂಜೆ ರೊಟ್ಟಿ ಹಂಚಿನ ಮೇಲೆ ಒಣಗಿದ ತೆಂಗಿನ ಗರಿ ಮುರಿದು ಹಾಕಿದೆವು. ಒಮ್ಮೆಲೇ ಹೊತ್ತಿ, ಚಟಚಟ ಎಂದು, ಒಂದು ಕ್ಷಣ ಕೇಸರಿ ಎಳೆಗಳಾಗಿ ನಿಂತು ಕುಸಿದವು. ಒಬ್ಬ ಹಿರಿಯ ತಾಯಿ ತಮ್ಮ ಎಲೆಯಡಿಕೆಯ ಕುಟ್ಟಾಣಿ ತೊಳೆದು ತಂದಿದ್ದರು. ಅದರಲ್ಲಿ ಬೂದಿಯನ್ನು ನುಣ್ಣಗೆ ಕುಟ್ಟಿ, ತೆಳು ಬಟ್ಟೆಯಲ್ಲಿ ಸೋಸಿ, ಎರಡು ಹನಿ ಎಣ್ಣೆ ಬೆರೆಸಿಕೊಟ್ಟರು. ಒಂದು ಹೊರೆ ಗರಿಗೆ ಬಂದದ್ದು ಅರ್ಧ ಬಟ್ಟಲು ಬೂದಿ. ನಮ್ಮ ನಾಡಿನಲ್ಲಿ ಹಣೆಯ ಮೇಲಿನ ಭಸ್ಮದ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಥೋಲಿಕರು ಈ ದಿನಕ್ಕೆ ವಿಭೂತಿ ಬುಧವಾರ ಎಂದು ಹೆಸರಿಟ್ಟಾಗ ನೆರೆಯವರ ಮನೆಯ ಮಾತನ್ನೇ ತಂದುಕೊಂಡರು, ಅದು ಈ ಮಣ್ಣಿಗೆ ಸರಿಯಾಗಿ ಕೂತಿತು.

ಒಬ್ಬೊಬ್ಬರ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಬರೆಯುತ್ತ, ಮಣ್ಣಿನಿಂದ ಬಂದವರು ಮಣ್ಣಿಗೇ ಮರಳುತ್ತೇವೆಂದು ನೆನಪಿಸಬೇಕು. ಹೊಲದ ಮಣ್ಣನ್ನೇ ದಿನವೂ ಮೈಗೆ ಹಚ್ಚಿಕೊಂಡು ಬದುಕುವವರಿಗೆ ಅದನ್ನು ಹೇಳುವಾಗ ನನ್ನ ದನಿ ತಗ್ಗುತ್ತದೆ. ಮರುದಿನ ಬೆಳಿಗ್ಗೆ ಬ್ಯಾಂಕಿನಲ್ಲಿ ಸಾಲದ ಪತ್ರದ ಮೇಲೆ ಒಬ್ಬ ರೈತರ ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ನೋಡುತ್ತೇನೆ, ನನ್ನ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಇನ್ನೂ ಬೂದಿ ಇತ್ತು.

ಬೂದಿ ಬುಧವಾರದ ಆ ಸಂಜೆ ಆರಾಧನೆ ಮುಗಿದ ಮೇಲೆ ನನ್ನ ಮನಸ್ಸಿನಲ್ಲಿದ್ದುದನ್ನು ಸಭೆಯ ಮುಂದೆ ಇಟ್ಟೆ. ನಲವತ್ತು ದಿನ ನಾನು ನಿಮ್ಮ ಜೊತೆ ಇರುವುದಿಲ್ಲ, ಹೇಗೆ ಮಾಡೋಣ ಎಂದು ಕೇಳಿದೆ. ಏನೇನನ್ನು ಬಿಡಬೇಕು ಎಂಬ ಮಾತು ಬಂತು. ಮಾಂಸ ಬಿಡುವುದು, ಚಹಾ ಬಿಡುವುದು. ಆ ಕುಟ್ಟಾಣಿಯ ತಾಯಿ ಕುಳಿತಲ್ಲಿಂದಲೇ ಹೇಳಿದರು:

“ಅಯ್ಯನವರ, ಈ ವರ್ಷ ಬಿಡಾಕ ನಮ್ಮ ಮನ್ಯಾಗ ಏನೈತ್ರಿ? ಹಿಟ್ಟು ನಾದೂ ಮುಂದ ಒಂದು ಹಿಡಿ ಜೋಳ ತಗದು ಗಡಿಗ್ಯಾಗ ಹಾಕೂಣು. ನಮ್ಮತ್ತಿ ಹಂಗ ಮಾಡ್ತಿದ್ಲು.”

ಹಿಡಿ ಅಕ್ಕಿ, ಹಿಡಿ ಜೋಳ ತೆಗೆದಿಡುವುದು ನಮ್ಮ ಸಭೆಗಳಲ್ಲಿ ಹಳೆಯ ರೂಢಿ. ನಡುವೆ ಬಿಟ್ಟುಹೋಗಿತ್ತು. ಹೀಗೆ ಕೂಡಿದ ಜೋಳವನ್ನು ಮಕ್ಕಳು ಗುಳೆ ಹೋಗಿ ಒಂಟಿಯಾಗಿ ಉಳಿದ ಮುದುಕರ ಮನೆಗಳಿಗೆ ಕೊಡುವುದೆಂದು ಅಲ್ಲೇ ಗೊತ್ತಾಯಿತು, ಕ್ರೈಸ್ತರ ಮನೆಯೇ ಆಗಬೇಕೆಂದಿಲ್ಲ ಎಂದೂ ಹೆಂಗಸರೇ ಹೇಳಿದರು. ಭಾನುವಾರ ಹಿಡಿ ಹಾಕುವಂತಿಲ್ಲ. ನಲವತ್ತು ದಿನ, ನಲವತ್ತು ಹಿಡಿ. ಎಣಿಕೆ ತಪ್ಪದಿರಲೆಂದು ಒಂದು ಮನೆಯ ಹುಡುಗಿ ಗಡಿಗೆಯ ಹಿಂದಿನ ಗೋಡೆಗೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆಯುತ್ತಿದ್ದಳು.

ಇನ್ನು ಒಂದು ನೋವಿನ ಸಂಗತಿ. ಆ ಹಿರಿಯ ತಾಯಿಯ ಯಜಮಾನರು ಹೊಸ ವರ್ಷದಿಂದಲೇ ಹಾಸಿಗೆ ಹಿಡಿದಿದ್ದರು. ಅವರು ಆ ಸಭೆಯ ಹಿರಿಯರು, ಬಹಳ ವರ್ಷ ಗಂಟೆ ಬಾರಿಸಿದವರು. ಪ್ರತಿ ಭಾನುವಾರ ಆರಾಧನೆಯ ನಂತರ ಅವರ ಮಂಚದ ಹತ್ತಿರ ಕೂತು, ಪ್ರಭುಭೋಜನದ ರೊಟ್ಟಿಯ ಚೂರನ್ನು ದ್ರಾಕ್ಷಾರಸದಲ್ಲಿ ಅದ್ದಿ ಬಾಯಿಗೆ ಇಡುತ್ತಿದ್ದೆ. “ಕಡೀ ಹೊತ್ತಿಗೆ ನೀವಿರಬೇಕ್ರಿ” ಎಂದು ಒಮ್ಮೆ ಕೈ ಹಿಡಿದು ಕೇಳಿದ್ದರು. ಇರುತ್ತೇನೆ ಎಂದು ಮಾತು ಕೊಟ್ಟಿದ್ದೆ. ಕೊಡಬಾರದಾಗಿತ್ತು.

ಮಾರ್ಚ್ ಎರಡನೇ ವಾರ, ಬುಧವಾರ ಮಧ್ಯಾಹ್ನ. ಬ್ಯಾಂಕಿನಲ್ಲಿ ತಪಾಸಣೆಯವರು ಬಂದು ಕೂತಿದ್ದರು, ಕಡತಗಳು ನನ್ನ ವಶದಲ್ಲಿ ಇದ್ದವು. ಊರಿನಿಂದ ಫೋನು ಬಂತು. ಆ ತಾಯಿಯೇ ಮಾತನಾಡಿದರು, ಅಳು ಇರಲಿಲ್ಲ. “ಹೊರಟಾರ್ರಿ. ನೀವು ಬರೂತನಕಾ ಇರಂಗಿಲ್ಲ. ಫೋನು ಕಿವಿಗೆ ಹಿಡೀತೀನಿ, ಪ್ರಾರ್ಥನಿ ಮಾಡ್ರಿ” ಎಂದರು. ನಾನು ಹಳೆಯ ದಫ್ತರಗಳ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ನಿಂತೆ. ಅತ್ತ ಕಡೆ ಉಸಿರಿನ ಸದ್ದು ಕೇಳುತ್ತಿತ್ತು, ಎಳೆದು ನಿಂತು, ಮತ್ತೆ ಎಳೆದು. ಗಟ್ಟಿಯಾಗಿ ಪ್ರಾರ್ಥಿಸಿದೆ. ಕರ್ತನು ಕಲಿಸಿದ ಪ್ರಾರ್ಥನೆಯ ಹೊತ್ತಿಗೆ ಅಲ್ಲಿದ್ದ ಹೆಂಗಸರೆಲ್ಲ ದನಿಗೂಡಿಸಿದರು. ಆಮೇಲೆ ಯಾರೋ ಫೋನು ತೆಗೆದು ಬೇರೆ ಕಡೆ ಇಟ್ಟರು. ನಾನು ಕಡತಗಳ ನಡುವೆ ಫೋನು ಹಿಡಿದೇ ನಿಂತಿದ್ದೆ.

ರಾತ್ರಿ ಊರು ಮುಟ್ಟಿದೆ, ಮರುದಿನ ಬೆಳಿಗ್ಗೆ ಮಣ್ಣು ಮಾಡಿದೆವು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಮನೆಯವರು ಊಟ ತಂದಿದ್ದರು. ಕೊಟ್ಟ ಮಾತು ತಪ್ಪಿದವನು ನಾನು. ಆ ತಾಯಿಯ ಮುಖ ನೋಡಲಾಗದೆ ಅಡುಗೆಮನೆಯ ಮೂಲೆ ನೋಡುತ್ತ ಕೂತಿದ್ದಾಗ ಒಂದನ್ನು ಕಂಡೆ. ಪಕ್ಕದ ಮನೆಯ ಹೆಣ್ಣುಮಗಳು ತನ್ನ ಸೆರಗಿನಲ್ಲಿ ತಂದ ಜೋಳದಿಂದ ಒಂದು ಹಿಡಿ ತೆಗೆದು, ಯಾರಿಗೂ ಏನೂ ಹೇಳದೆ, ಆ ಮನೆಯ ಗಡಿಗೆಗೆ ಹಾಕಿದಳು. ಆ ಮನೆಯ ಆ ದಿನದ ಲೆಕ್ಕ ತಪ್ಪಬಾರದೆಂದು. ಒಲೆ ಮತ್ತೆ ಹೊತ್ತುವವರೆಗೂ ಹಾಗೇ ನಡೆಯಿತೆಂದು ಆಮೇಲೆ ತಿಳಿಯಿತು.

ಅಲ್ಲಿಯವರೆಗೆ ನನ್ನ ಗೈರುಹಾಜರಿ ಒಂದು ಕೊರತೆ, ಅದನ್ನು ಹೇಗಾದರೂ ತುಂಬಿಕೊಡಬೇಕು ಎಂದೇ ನಾನು ತಿಳಿದಿದ್ದೆ. ರಾತ್ರಿ ಬಸ್ಸು, ಅರ್ಧ ರಜೆ, ಫೋನಿನಲ್ಲಿ ಪ್ರಾರ್ಥನೆ, ಹೀಗೆ ಹೆಣಗುತ್ತಿದ್ದೆ. ಆ ಕೊರತೆ ನಿಜವಾದದ್ದೇ, ಇಲ್ಲವೆಂದು ನಾನು ಈಗಲೂ ಹೇಳಲಾರೆ. ಸಾಯುವ ಮನುಷ್ಯನಿಗೆ ಕೊಟ್ಟ ಮಾತು ಅದು. ಆದರೆ ಆ ನಲವತ್ತು ದಿನಗಳ ಸಭಾಪಾಲನೆ ನಾನಿಲ್ಲವೆಂದು ನಿಂತಿರಲಿಲ್ಲ. ಅದು ಆ ಅಡುಗೆಮನೆಗಳಲ್ಲಿ ನಡೆದಿತ್ತು. ನಾನು ಭಾನುವಾರ ಹೋಗಿ ಆಗಿರುವುದಕ್ಕೆ ದೇವರಿಗೆ ಸ್ತೋತ್ರ ಸಲ್ಲಿಸುತ್ತಿದ್ದೆ, ಅಷ್ಟೇ.

ಶುಭ ಶುಕ್ರವಾರದ ಆರಾಧನೆಯನ್ನು ಆ ವರ್ಷ ಬೇರೆ ರೀತಿ ಮಾಡಿದೆವು. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ, ಶಿಲುಬೆಯ ಮೇಲಿಂದ ಯೇಸು ಆಡಿದ ಏಳು ಮಾತುಗಳನ್ನು ಒಂದೊಂದಾಗಿ ಧ್ಯಾನಿಸುವ ಪದ್ಧತಿ ನಮ್ಮ ಸಭೆಗಳಲ್ಲಿದೆ. ಯಾವ ಸುವಾರ್ತೆಯಲ್ಲೂ ಏಳೂ ಒಟ್ಟಿಗೆ ಇಲ್ಲ. ಲೂಕನಲ್ಲಿ ಮೂರು, ಯೋಹಾನನಲ್ಲಿ ಮೂರು, ಮತ್ತಾಯ ಮತ್ತು ಮಾರ್ಕರಿಬ್ಬರಲ್ಲೂ ಇರುವುದು ಒಂದೇ. ಈ ಮೂರು ಗಂಟೆಯ ಆರಾಧನೆ ಬೆಳೆದು ಬಂದದ್ದು ದೂರದ ಪೆರು ದೇಶದ ಲೀಮಾ ನಗರದಲ್ಲಿ, 17ನೆಯ ಶತಮಾನದ ಕೊನೆಯಲ್ಲಿ, ಒಬ್ಬ ಜೆಸ್ವಿತ್ ಪಾದ್ರಿಯಿಂದ. ಕಥೋಲಿಕರಲ್ಲಿ ಹುಟ್ಟಿದ್ದು ಪ್ರೊಟೆಸ್ಟಂಟರ ನಮ್ಮ ಬಯಲುಸೀಮೆಯ ಹಳ್ಳಿಗೂ ಬಂದು ನೆಲೆಸಿದೆ. ಹಿಂದಿನ ವರ್ಷಗಳಲ್ಲಿ ಏಳಕ್ಕೂ ನಾನೇ ಪ್ರಸಂಗ ಮಾಡುತ್ತಿದ್ದೆ. ಆ ಸಲ ಏಳು ಮಂದಿಗೆ ಹಂಚಿದೆ. ಒಬ್ಬ ಶಾಲಾ ಮಾಸ್ತರರು, ಒಬ್ಬ ನರ್ಸಮ್ಮ, ಒಬ್ಬ ಗೌಂಡಿ ಕೆಲಸದವ, ಗೋವೆಯಿಂದ ರಾತ್ರಿ ಬಸ್ಸಿಗೆ ಬಂದಿಳಿದ ಒಬ್ಬ ಹುಡುಗ, ಹೀಗೆ. ಐದನೆಯ ಮಾತು ಬಾಯಾರಿಕೆಯದು. ಅದನ್ನು ಯಾರು ತೆಗೆದುಕೊಳ್ಳುತ್ತೀರಿ ಎಂದಾಗ ಆ ತಾಯಿ, ಗಂಡನನ್ನು ಮಣ್ಣಿಗಿಟ್ಟು ಇನ್ನೂ ಮೂರು ವಾರವಾಗದವರು, “ನನಗ ಇರಲಿ” ಎಂದಿದ್ದರು.

ಅಂದು ಬಿಸಿಲು ಹಂಚಿನ ಮೂಲಕ ಇಳಿಯುತ್ತಿತ್ತು. ಊರಿನ ನಲ್ಲಿಗೆ ನೀರು ಬಂದು ಎಷ್ಟೋ ದಿನವಾಗಿತ್ತು. ಅವರು ಎದ್ದು ಪೀಠದ ಹತ್ತಿರ ಬರಲಿಲ್ಲ. ಹೆಂಗಸರ ನಡುವೆಯೇ, ಕಂಬಕ್ಕೆ ಕೈಯಾನಿಸಿ ನಿಂತು ಮಾತನಾಡಿದರು. ನನಗೆ ನೆನಪಿದ್ದಷ್ಟು ಹೇಳುತ್ತೇನೆ:

“ನನಗ ಓದಾಕ ಬರಂಗಿಲ್ಲ. ಕಿವೀಲೆ ಕೇಳಿದ್ದು ಹೇಳ್ತೀನಿ. ಸಾಯೋರ ಬಾಯಿಗೆ ನೀರು ಬಿಡೂದು ನಮ್ಮಲ್ಲಿ ಐತಿ. ಮೊನ್ನೆ ನಮ್ಮನಿಯವರಿಗೆ ನಾನ ಬಿಟ್ಟೆ. ಎರಡು ಚಮಚ ಒಳಗ ಹೋತು, ಮೂರನೇದು ಹೊರಗ ಬಂತು. ಯೇಸಪ್ಪನ ತಾಯಿ ಶಿಲುಬಿ ಬುಡಕ ನಿಂತಿದ್ಲು. ಮಗ ನೀರಡಿಸೇತಿ ಅಂದದ್ದು ಆಕಿಗೆ ಕೇಳಿಸಿರತೈತಿ. ಆದರ ಕೈ ಎಟಕಲಿಲ್ಲ. ಯಾರೋ ಒಬ್ಬಾಂವ ಕೋಲಿನ ತುದಿಗೆ ಹುಳಿ ರಸ ಅದ್ದಿ ಮುಟ್ಟಿಸಿದ. ಕೊಟ್ಟಾಂವ ಯಾವನರ ಇರಲಿ, ಹುಳೀನ ಇರಲಿ, ನನ್ನ ಮಗನ ತುಟಿ ತೊಯ್ತಲ್ಲ ಅಂತ ಆ ತಾಯಿಗೆ ಅನಿಸಿರಬೇಕು. ನಾ ಇದ್ರ ನನಗೂ ಹಂಗ ಅನಿಸ್ತಿತ್ತು.”

ಇಷ್ಟು ಹೇಳಿ ಕೂತರು. ಹುಳಿ ರಸದ ಆ ಭಾಗವನ್ನು ನಾನು ಎಷ್ಟೋ ವರ್ಷ ಓದಿದ್ದೇನೆ, ಅದರ ಮೇಲೆ ಪ್ರಸಂಗ ಮಾಡಿದ್ದೇನೆ. ಅದು ಕ್ರೌರ್ಯವೋ ಕರುಣೆಯೋ ಎಂದು ಪಂಡಿತರು ಮಾಡುವ ಚರ್ಚೆಯೂ ಗೊತ್ತಿತ್ತು. ಕೆಳಗೆ ನಿಂತ ತಾಯಿಯ ಕೈಯ ಅಳತೆಯಿಂದ ಅದನ್ನು ನೋಡಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆರನೆಯ ಮಾತಿನವರು ಏಳಲು ಸ್ವಲ್ಪ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.

ಈಸ್ಟರಿನ ದಿನ ಗೊತ್ತುಮಾಡುವುದು ಚಂದ್ರನ ಲೆಕ್ಕದಿಂದ. ಮಾರ್ಚ್ 21 ಅಥವಾ ಅದರ ನಂತರದ ಹುಣ್ಣಿಮೆ ಕಳೆದು ಬರುವ ಮೊದಲ ಭಾನುವಾರ. ಆ ವರ್ಷ ಹೋಳಿ ಹುಣ್ಣಿಮೆಯ ಚಂದ್ರನೇ ಈಸ್ಟರಿನ ಚಂದ್ರ. 31ರ ನಸುಕಿನಲ್ಲಿ ಐದು ಗಂಟೆಗೆ ನಾವು ಸಮಾಧಿಸ್ಥಳಕ್ಕೆ ಹೊರಟಾಗ ಅರ್ಧಕ್ಕಿಂತ ಹೆಚ್ಚೇ ಉಳಿದಿದ್ದ ಆ ಚಂದ್ರ ಇನ್ನೂ ಆಕಾಶದಲ್ಲೇ ಇತ್ತು. ಮೇಣದ ಬತ್ತಿ ಹಿಡಿದು ಹಾಡುತ್ತ ಹೋದೆವು. ಹೊಸ ಮಣ್ಣಿನ ಗುಡ್ಡೆಯ ಹತ್ತಿರ ನಿಂತು ಪುನರುತ್ಥಾನದ ಸುವಾರ್ತೆ ಓದಿದೆ. ಆ ತಾಯಿ ಮನೆಯಿಂದ ಒಂದು ತಂಬಿಗೆ ನೀರು ತಂದಿದ್ದರು. ತಲೆಯ ಕಡೆಯಿಂದ ಕಾಲಿನ ಕಡೆಗೆ ನಿಧಾನವಾಗಿ ಹನಿಸಿದರು. ನೀರಿಗೆ ಅಷ್ಟು ಕಷ್ಟವಿದ್ದ ದಿನಗಳು, ಆದರೂ ಒಬ್ಬರೂ ಬೇಡವೆನ್ನಲಿಲ್ಲ.

ದೇವಾಲಯಕ್ಕೆ ಮರಳಿ ಪ್ರಭುಭೋಜನ ಮುಗಿಸುವ ಹೊತ್ತಿಗೆ ಆರೂವರೆ. ನನಗೆ ಏಳರ ಬಸ್ಸು ಹಿಡಿಯಲೇಬೇಕಿತ್ತು. ಆ ಮಾರ್ಚ್ 31 ಭಾನುವಾರವಾದರೂ ಸರಕಾರದ ಹಣದ ವ್ಯವಹಾರ ನೋಡುವ ಬ್ಯಾಂಕುಗಳು ತೆರೆದಿರಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ನನಗೆ ಸಿಗುತ್ತಿದ್ದ ಒಂದು ದಿನವೂ ಅರ್ಧಕ್ಕೆ ಇಳಿದಿತ್ತು. ಅಂಗಳದ ಬೇವಿನ ಮರದ ಕೆಳಗೆ ಗೋಣಿತಟ್ಟು ಹಾಸಿ ಹೆಂಗಸರು ಗಡಿಗೆಗಳನ್ನು ತಂದಿಟ್ಟಿದ್ದರು. ಆ ತಾಯಿ ತಮ್ಮ ಗಡಿಗೆ ಬೋರಲು ಹಾಕುವ ಮುಂಚೆ ಸುತ್ತ ನೋಡಿ, “ಇದರಾಗಿನ ಐದು ಹಿಡಿ ನನ್ನವಲ್ಲ, ಇವರವು” ಎಂದು ನೆರೆಯವಳ ಕಡೆ ಕೈ ತೋರಿದರು. ಬಿಳಿಜೋಳ ಸರ್ರೆಂದು ಸುರಿಯಿತು. ಅಳೆಯುವುದಕ್ಕೆ ಯಾರೋ ಹಿತ್ತಾಳೆಯ ಸೇರು ತಂದರು. ನಾನೂ ನಿಂತು ಎಷ್ಟಾಯಿತೆಂದು ನೋಡಬೇಕೆಂದಿದ್ದೆ. ಆ ತಾಯಿಯೇ ನನ್ನ ಕೈಗೆ ಬುತ್ತಿಯ ಗಂಟು ಕೊಟ್ಟು, “ಹೊತ್ತಾತ್ರಿ ಅಯ್ಯನವರ, ಹೊರಡ್ರಿ, ಬಸ್ಸು ತಪ್ಪೀತು. ನಾವು ಅಳಕೋತೀವಿ” ಎಂದರು.

ಬಸ್ಸು ಹತ್ತಿ ಕಿಟಕಿಯ ಹತ್ತಿರ ಕೂತೆ. ನಮ್ಮಲ್ಲಿ ಕಾಳು ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಬಸ್ಸು ಬೇವಿನ ಮರ ದಾಟುವಾಗ ಆ ದನಿ ಕೇಳಿಸಿತು: “ಲಾಭ... ಎರಡ... ಮೂರ...”